ಲೆಕ್ಕಕ್ಕೆ ಸಿಗದ ಕ್ಯಾಸೆಟ್ಟು

ಜಗತ್ತಿನಲ್ಲಿ ಅತಿ ಹೆಚ್ಚು ಖರ್ಚಾದ ಆಲ್ಬಂ ಯಾವುದು ಅಂದ್ರೆ ಯಾರು ಬೇಕಾದ್ರೂ ಹೇಳ್ತಾರೆ: ಮೈಕೆಲ್ ಜಾಕ್ಸನ್‌ನ 'ಥ್ರಿಲ್ಲರ್'. 1982ರ ನವೆಂಬರ್‌ನಲ್ಲಿ ಬಂತು. ಹಾಡು ಒಂಬತ್ತೇ, ಅದರಲ್ಲಿ ಏಳು ಅಮೆರಿಕದ ಟಾಪ್ ಟೆನ್ ಹತ್ತಿದವು! 1984ರಲ್ಲಿ ಜಾಕ್ಸನ್ ಒಂದೇ ರಾತ್ರಿ ಎಂಟು ಗ್ರ್ಯಾಮಿ ಬಾಚಿಕೊಂಡ.

ಆದ್ರೆ ಅಮೆರಿಕದೊಳಗಿನ ಲೆಕ್ಕವೇ ಬೇರೆ ಸ್ವಾಮಿ! 'ಈಗಲ್ಸ್' ತಂಡದ 1976ರ ಜನಪ್ರಿಯ ಗೀತೆಗಳ ಸಂಕಲನ 2018ರಲ್ಲಿ 3 ಕೋಟಿ 80 ಲಕ್ಷ ಮುಟ್ಟಿ ಜಾಕ್ಸನ್‌ನನ್ನೇ ಹಿಂದೆ ಹಾಕಿತು. 2021ರಲ್ಲಿ 'ಥ್ರಿಲ್ಲರ್' ಲೆಕ್ಕ 3 ಕೋಟಿ 40 ಲಕ್ಷ. ಇಂಟರ್ನೆಟ್ಟಿನಲ್ಲಿ ಕೇಳಿದ್ದೂ ಈಗ ಜಮಾ: ಆಲ್ಬಂನ ಹಾಡುಗಳನ್ನು 1500 ಸಲ ಕೇಳಿದರೆ ಒಂದು ಪ್ರತಿ ಮಾರಿದಂತೆ.

ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ಬಸ್ ಸ್ಟ್ಯಾಂಡ್ ಪಕ್ಕ ಅವರದೊಂದು ಅಂಗಡಿಯಿತ್ತು. ಮೊದಲು ಖಾಲಿ ಕ್ಯಾಸೆಟ್ಟಿಗೆ, ಆಮೇಲೆ ಮೆಮರಿ ಕಾರ್ಡಿಗೆ ಹಾಡು ತುಂಬಿಸಿ ಕೊಡೋದೇ ಕಸುಬು. ಎಲ್ಲರ ಮೊಬೈಲಿಗೂ ಇಂಟರ್ನೆಟ್ ಬಂತು, ಅಂಗಡಿ ಮುಚ್ಚಿತು, ನನ್ನ ಪಿಯುಸಿಯೂ ನಿಂತಿತು.

"ನಾನು ತುಂಬಿಸಿಕೊಟ್ಟ 'ಥ್ರಿಲ್ಲರ್' ಯಾರ ಲೆಕ್ಕಕ್ಕೋ?" ಅಂದ್ರು.

"ಯಾರ ಲೆಕ್ಕಕ್ಕೂ ಇಲ್ಲಪ್ಪಾ, ಅದು ಕಳ್ಳಮಾಲು" ಅಂದುಬಿಟ್ಟೆ.

ಅಪ್ಪ ಮಾತಾಡಲಿಲ್ಲ. ಎದ್ದು ಹೊರಗೆ ಹೋದರು.

ಆ ಕಳ್ಳಮಾಲಿನ ದುಡ್ಡಲ್ಲೇ ಅಲ್ವೆ, ನಾನು ಎಸ್ಸೆಸ್ಸೆಲ್ಸಿ ಮುಗಿಸಿದ್ದು?