ಜಾಗ ಇದ್ದೋರಿಗೆ ಮನೆ

ಶ್ರೀಲಂಕಾದ ಯುದ್ಧ ಮುಗಿದದ್ದು 2009ರ ಮೇ ತಿಂಗಳಲ್ಲಿ. ನಾವಾಗ ಪ್ರೈಮರಿ ಸ್ಕೂಲಿನ ಹುಡುಗರು. ಪ್ರಭಾಕರನ್ ಸತ್ತ ಸುದ್ದಿಯನ್ನು ಹೋಟ್ಲು ಟೀವೀಲಿ ಬಾಗಿಲಾಚೆ ನಿಂತು ನೋಡಿದ್ದೆವು, ಅಷ್ಟೆ. 1983ರಿಂದ ಉರಿದ ಬೆಂಕಿ ಆರಿದ ಮೇಲೆ ಸುಮಾರು 3 ಲಕ್ಷ ಜನರನ್ನು ಮೆನಿಕ್ ಫಾರಂ ಮುಂತಾದ ಮುಳ್ಳುತಂತಿಯ ಶಿಬಿರಗಳಲ್ಲಿ ಕೂಡಿಹಾಕಿದರು. ಆಮೇಲೆ ಆ ನೆಲಕ್ಕೆ ದೇಶದೇಶಗಳ ದುಡ್ಡು ಹರಿಯಿತು. ಇದೆಲ್ಲ ನಮಗೆ ತಿಳಿದದ್ದು ಡಿಗ್ರಿ ಮುಗಿಸಿ ಸರ್ವೆ ಕೆಲಸಕ್ಕೆ ಸೇರಿದ ಮೇಲೆ.

ನಮ್ಮಂಥ ಮೊದಲ ತಲೆಮಾರಿನ ಪದವೀಧರರಿಗೆ ಈ ಕಾಲ ಕೊಡೋ ಕೂಲಿ ಇದು. ಹಿಂದೆ ನಮ್ಮಪ್ಪಂದಿರು ತಮಟೆ ಹೊಡೆದು ಸುದ್ದಿ ಸಾರುತ್ತಿದ್ದರು, ಈಗ ನಾವು ಫಾರಂ ಹಿಡಿದು ಸುದ್ದಿ ಕೇಳುತ್ತೇವೆ. ಯಾವುದೋ ಯೋಜನೆ ಬಂದು ಹೋಗಿರುತ್ತದೆ. ಅದರ ಫಲ ಏನಾಯ್ತು ಅಂತ ಕೇರಿ ಕೇರಿ ತಿರುಗಿ ಬರಕೊಂಡು ಬರಬೇಕು. ಅಂಗಳದಲ್ಲಿ ನಿಂತು ಕೇಳುತ್ತೇವೆ: ‘ನಿಮಗೆ ತೃಪ್ತಿ ಇದೆಯೆ?’ ಪಕ್ಕದಲ್ಲೇ ಪಂಚಾಯ್ತಿ ಮೆಂಬರು ಕೈಕಟ್ಟಿ ನಿಂತಿರುತ್ತಾನೆ. ಅವ್ವ ಅವನ ಮುಖ ನೋಡಿ ‘ಐತಪ್ಪಾ’ ಅನ್ನುತ್ತಾಳೆ. ನಾವು ಗೀಟು ಹಾಕುತ್ತೇವೆ. ಆ ಗೀಟು ದೊಡ್ಡ ಊರಿಗೆ ಹೋಗಿ ಶೇಕಡಾವಾರು ಆಗುತ್ತದೆ. ಹೀಗಾಗಿ ‘ಮೌಲ್ಯಮಾಪನ’ ಅನ್ನೋ ಮಾತು ಕೇಳಿದರೆ ನಮಗೆ ಮೊದಲು ನೆನಪಾಗೋದು ಆ ಮೆಂಬರಿನ ಕಟ್ಟಿದ ಕೈ.

ಈ ಕೆಲಸಕ್ಕೂ ಒಂದು ಶಾಸ್ತ್ರ ಇದೆ ಗೆಳೆಯರೆ. ಶ್ರೀಮಂತ ದೇಶಗಳ ಒಕ್ಕೂಟವಾದ ಓಇಸಿಡಿ 1991ರಲ್ಲಿ ಐದು ಅಳತೆಗೋಲು ಹಾಕಿಕೊಟ್ಟಿತು. ಕೊಟ್ಟ ನೆರವು ಅಲ್ಲಿಗೆ ಸರಿಹೊಂದಿತೆ, ಗುರಿ ಮುಟ್ಟಿತೆ, ಖರ್ಚಿಗೆ ತಕ್ಕ ಕೆಲಸ ಆಯಿತೆ, ಬದಲಾವಣೆ ತಂದಿತೆ, ಆಮೇಲೂ ಬಾಳಿತೆ. 2019ರಲ್ಲಿ ಆರನೆಯದನ್ನೂ ಸೇರಿಸಿದರು, ಬೇರೆ ಕೆಲಸಗಳ ಜೊತೆ ಹೊಂದಿತೆ ಅಂತ. ಒಳ್ಳೆಯ ಪ್ರಶ್ನೆಗಳೇ, ತಳ್ಳಿಹಾಕೋ ಹಾಗಿಲ್ಲ. ಆದರೆ ಯಾರ ಅಂಗಳದಲ್ಲಿ ನಿಂತು ಕೇಳುತ್ತೀರಿ ಅನ್ನೋದು ಆರರಲ್ಲಿ ಯಾವುದರ ಕೆಳಗೂ ಬಿಡಿ ಬಿಡಿಯಾಗಿ ಬರೆದಿಲ್ಲ.

ನಮ್ಮ ದೇಶವೇ ಕೊಟ್ಟದ್ದನ್ನು ನೋಡೋಣ, ಯಾಕೆಂದರೆ ಅದು ನಮ್ಮ ಬೆವರಿನ ತೆರಿಗೆಯ ದುಡ್ಡು. 2010ರಲ್ಲಿ ಭಾರತ ಸರಕಾರ ಲಂಕಾಕ್ಕೆ 50,000 ಮನೆ ಕಟ್ಟಿಸಿಕೊಡುತ್ತೇನೆ ಅಂದಿತು. ಮೊದಲ 1,000 ಮನೆ ಮುಗಿದ ಮೇಲೆ 2012ರಿಂದ ಉತ್ತರ ಮತ್ತು ಪೂರ್ವದಲ್ಲಿ ದೊಡ್ಡ ಹಂತ ಶುರುವಾಯಿತು. ಕಂತ್ರಾಟುದಾರನಿಗೆ ಕೊಡಲಿಲ್ಲ. ಮನೆಯವರೇ ಕಟ್ಟಿಕೊಳ್ಳಲಿ ಅಂತ ಕುಟುಂಬಕ್ಕೆ 5,50,000 ಲಂಕಾ ರೂಪಾಯಿಯನ್ನು ಕಂತು ಕಂತಾಗಿ ನೇರ ಬ್ಯಾಂಕಿಗೆ ಹಾಕಿದರು. ಇದನ್ನು ಮೆಚ್ಚಲೇಬೇಕು. ನಡುವೆ ತಿನ್ನೋ ಬಾಯಿಗಳು ಕಮ್ಮಿಯಾದವು. ಮನೆಗಳು ನಿಜವಾಗಿ ಎದ್ದು ನಿಂತವು.

ಆದರೆ ಮನೆ ಬೇಕಾದರೆ ಮೊದಲು ಜಾಗದ ಹಕ್ಕು ತೋರಿಸಬೇಕು. ಇಲ್ಲಿ ನಮ್ಮ ಕಿವಿ ನೆಟ್ಟಗಾಯಿತು. ನಿವೇಶನ ಇದ್ದೋನಿಗೆ ಮನೆ ಮಂಜೂರು ಅನ್ನೋ ಮಾತನ್ನು ನಮ್ಮ ಕೇರಿಗಳು ಎಷ್ಟು ಸಲ ಕೇಳಿಲ್ಲ! ಜಾಗವೇ ಇಲ್ಲದೋನು ಅರ್ಜಿ ಹಿಡಿದು ತಾಲೂಕಾಫೀಸಿನ ಕಟ್ಟೆ ಮೇಲೆ ಕೂತು ಬೀಡಿ ಸೇದಬೇಕು.

ಜಾಫ್ನಾದಲ್ಲಿ ಜಾಗ ಇಲ್ಲದೋರು ಯಾರು? ಅಲ್ಲಿನ ನೆಲದ ಒಡೆಯರು ವೆಳ್ಳಾಳರು. ಪಳ್ಳರು, ನಳವರು, ಪರೆಯರು, ವಣ್ಣಾರರು, ಅಂಬಟ್ಟರು, ಈ ಐದು ಜಾತಿಗೆ ಅಲ್ಲಿ ಪಂಚಮರು ಅಂತಲೇ ಹೆಸರು. ನಮ್ಮಲ್ಲಿ ದಲಿತ ಚಳವಳಿಯ ಪತ್ರಿಕೆಯೊಂದಕ್ಕೂ ಅದೇ ಹೆಸರಿತ್ತು, ಹಳಬರಿಗೆ ಗೊತ್ತು. 1957ರಲ್ಲೇ ಅಸ್ಪೃಶ್ಯತೆಯ ವಿರುದ್ಧ ಅಲ್ಲಿ ಕಾನೂನು ಬಂತು. ಬಂದೂ 1968ರಲ್ಲಿ ಮಾವಿಟ್ಟಪುರದ ಕಂದಸ್ವಾಮಿ ಗುಡಿಯ ಬಾಗಿಲಲ್ಲಿ ಪಂಚಮರು ಧರಣಿ ಕೂರಬೇಕಾಯಿತು. ಅವರನ್ನು ತಡೆದು ನಿಂತವರ ಮುಂದಾಳು ಒಬ್ಬ ಮಾಜಿ ಗಣಿತ ಪ್ರೊಫೆಸರು. ಓದಿದರೆ ಜಾತಿ ಹೋಗುತ್ತೆ ಅನ್ನೋರಿಗೆ ಇದೊಂದು ಲೆಕ್ಕ.

ಆ ಮಾವಿಟ್ಟಪುರ ಇರೋದು ವಲಿಕಾಮಂ ಉತ್ತರದಲ್ಲಿ. 1990ರಲ್ಲಿ ಸೈನ್ಯದ ಭದ್ರತಾ ವಲಯಕ್ಕಾಗಿ ಆ ಸೀಮೆಯ ಜನ ಗುಳೆ ಎದ್ದರು. ಎದ್ದವರಲ್ಲಿ ಎಲ್ಲ ಜಾತಿಯವರೂ ಇದ್ದರು, ಬಾಂಬಿಗೆ ಮಡಿ ಮೈಲಿಗೆ ಗೊತ್ತಿಲ್ಲ. ಹೊರಟ ಮೇಲೆ ಮಾತ್ರ ದಾರಿ ಬೇರೆ ಬೇರೆ. ಕಾಸಿದ್ದೋರು ಕೊಲಂಬೋಗೆ, ಕೆನಡಾಕ್ಕೆ, ಲಂಡನ್ನಿಗೆ ಹೋದರು. ಏನೂ ಇಲ್ಲದೋರು ಶಿಬಿರದಲ್ಲಿ ಉಳಿದರು. ಯುದ್ಧ ಮುಗಿದು ವರ್ಷಗಟ್ಟಲೆ ಆದರೂ ಆ ಶಿಬಿರಗಳಲ್ಲಿ ತಗಡಿನಡಿ ಕೂತಿದ್ದವರು ಬಹುಪಾಲು ಪಂಚಮರೇ. ಹಿಂದಿರುಗಿ ಹೋಗಿ ಅಂದರೆ ಎಲ್ಲಿಗೆ ಹೋಗೋದು? ಮೊದಲೂ ಧಣಿಯ ನೆಲದಲ್ಲೇ ಗುಡಿಸಲು. ‘ಸ್ಥಳಾಂತರಗೊಂಡ ತಮಿಳರು’ ಅನ್ನೋ ಒಂದೇ ಕಾಲಮ್ಮಿನಲ್ಲಿ ವೆಳ್ಳಾಳನೂ ನಳವನೂ ಒಂದೇ ಗೀಟು. ಹುಲಿಗಳ ಕಾಲದಲ್ಲಿ ಜಾತಿ ಅನ್ನೋ ಮಾತೆತ್ತೋದೇ ಕಷ್ಟವಾಗಿತ್ತು, ಇಡೀ ಜನಾಂಗ ಒಂದು ಅಂತ ತೋರಿಸಬೇಕಿತ್ತಲ್ಲ. ಆಮೇಲೆ ಬಂದ ದಾನಿಗಳಿಗೂ ಆ ಮೌನ ಅನುಕೂಲವಾಯಿತು.

ಇನ್ನು ಮನೆ ಸಿಕ್ಕಿದೋರ ಪಾಡು. ಒಂದು ಹಂತ ಕಟ್ಟಿ ತೋರಿಸಿದರೆ ಮುಂದಿನ ಕಂತು. ಸಾವಿರಾರು ಮನೆ ಒಟ್ಟಿಗೆ ಏಳುವಾಗ ಮರಳು, ಸಿಮೆಂಟು, ಗಾರೆ ಕೂಲಿ ಎಲ್ಲಾ ತುಟ್ಟಿ. 5,50,000 ಸಾಲದೆ ಎಷ್ಟೋ ಕುಟುಂಬಗಳು ಕೈಸಾಲ ಮಾಡಿದವು, ಒಡವೆ ಅಡ ಇಟ್ಟವು. ಗಂಡನನ್ನು ಯುದ್ಧ ನುಂಗಿದ ಹೆಂಗಸರ ಬಾಗಿಲಿಗೆ ವಾರ ವಾರ ಮೈಕ್ರೋಫೈನಾನ್ಸಿನೋರು ಬಂದು ನಿಂತರು. ಕಡೆಗೆ 2018ರಲ್ಲಿ, ಬರ ಬಿದ್ದ ಜಿಲ್ಲೆಗಳ ಹೆಂಗಸರ ಒಂದು ಲಕ್ಷ ರೂಪಾಯಿವರೆಗಿನ ಅಂಥ ಸಾಲಗಳನ್ನು ಸರಕಾರವೇ ತೀರಿಸಬೇಕಾಯಿತು. ಮನೆಯ ಲೆಕ್ಕದ ಪುಸ್ತಕದಲ್ಲಿ ‘ಪೂರ್ಣಗೊಂಡಿದೆ’ ಅಂತಿರುತ್ತದೆ, ಸಾಲದ ಪುಸ್ತಕ ಬೇರೆ ಆಫೀಸಿನಲ್ಲಿ.

ಇದಾದ ಮೇಲೂ ಬುದ್ಧಿ ಬರಲಿಲ್ಲ. 2016ರ ಹೊತ್ತಿಗೆ 65,000 ಉಕ್ಕಿನ ಮನೆಗಳನ್ನು ತಂದು ನಿಲ್ಲಿಸುವ ಮಾತಾಯಿತು. ಮೊದಲ ಲೆಕ್ಕದಲ್ಲಿ ಒಂದಕ್ಕೆ ಸುಮಾರು 21 ಲಕ್ಷ ಲಂಕಾ ರೂಪಾಯಿ! ಆ ಬಿಸಿಲಿಗೆ ಉಕ್ಕು ಕಾಯುತ್ತೆ, ಒಂದು ಕೋಣೆ ಹೆಚ್ಚಿಸೋಕೆ ಬರೋಲ್ಲ, ನಮ್ಮ ಗಾರೆಯವನಿಗೆ ಒಂದು ದಿನದ ಕೂಲಿ ಇಲ್ಲ ಅಂತ ಅಲ್ಲಿನವರೇ ತಿರುಗಿಬಿದ್ದರು. ಯೋಜನೆ ಹಿಂದೆ ಸರಿಯಿತು. ನಮಗೆ ಕೇಳಿದರೆ ಆ ನಾಡಿನಲ್ಲಿ ನಡೆದ ಒಳ್ಳೆಯ ಮೌಲ್ಯಮಾಪನ ಅದೇ, ಯಾರೂ ಫೀಸು ತಗೊಳ್ಳಲಿಲ್ಲ.

ಹಾಗಂತ ಪರದೇಶದೋರೆಲ್ಲ ಕಣ್ಣು ಮುಚ್ಚಿದರು ಅಂದರೆ ಅನ್ಯಾಯವಾಗುತ್ತದೆ. ಶಾಂತಿ ಮಾತುಕತೆಗೆ ಮಧ್ಯಸ್ಥಿಕೆ ಮಾಡಿದ ನಾರ್ವೆ, ತನ್ನ 1997ರಿಂದ 2009ರವರೆಗಿನ ಕೆಲಸವನ್ನು ಹೊರಗಿನವರಿಂದ ಅಳೆಸಿ 2011ರಲ್ಲಿ ವರದಿ ಬಿಡುಗಡೆ ಮಾಡಿತು, ಸೋತೆವು ಅನ್ನೋದನ್ನು ಅಚ್ಚು ಹಾಕಿಸಿತು. 2003ರಲ್ಲಿ ಟೋಕಿಯೋದಲ್ಲಿ ದಾನಿಗಳು ಸೇರಿ 450 ಕೋಟಿ ಡಾಲರ್ ಕೊಡುತ್ತೇವೆ ಅಂದಿದ್ದರು. ದುಡ್ಡಿನ ಆಸೆಗೆ ಎರಡೂ ಕಡೆಯವರು ಮೆತ್ತಗಾಗುತ್ತಾರೆ ಅನ್ನೋ ಲೆಕ್ಕಾಚಾರ. ಯಾರೂ ಮೆತ್ತಗಾಗಲಿಲ್ಲ.

ನಮ್ಮ ಸುಳ್ಯದ ರಬ್ಬರ್ ತೋಟಗಳಲ್ಲಿ ಈ ಕಥೆಯ ಇನ್ನೊಂದು ತುಂಡು ಬದುಕಿದೆ. ಲಂಕಾದ ಚಹಾ ತೋಟದ ತಮಿಳರ ಪೌರತ್ವವನ್ನು 1948ರಲ್ಲಿ ಕಿತ್ತುಕೊಂಡರು. 1964ರಲ್ಲಿ ಸಿರಿಮಾವೋ ಮತ್ತು ಶಾಸ್ತ್ರಿ ಕೂತು 5,25,000 ಜನ ನಿನಗೆ, 3,00,000 ಜನ ನನಗೆ ಅಂತ ದನದ ಜಾತ್ರೆಯ ಹಾಗೆ ಹಂಚಿಕೊಂಡರು. ಅವರಲ್ಲಿ ಬಹಳ ಜನ ನಮ್ಮವರೇ, ಪಳ್ಳ ಪರೆಯ ಜಾತಿಯವರು. ಹಾಗೆ ಬಂದ ಕೆಲವರು ಸುಳ್ಯ, ಪುತ್ತೂರಿನ ಕಡೆ ರಬ್ಬರ್ ಹಾಲು ಇಳಿಸುತ್ತಾ ಮೂರು ತಲೆಮಾರು ಕಳೆದರು. ಹಲವರಿಗೆ ಇಂದಿಗೂ ತೋಟದ ಕ್ವಾರ್ಟರ್ಸೇ ಮನೆ.

ಅಲ್ಲೊಬ್ಬ ಮುದುಕಿಗೆ ನಾವು ಹೇಳಿದೆವು: ಅಜ್ಜಿ, ನಿಮ್ಮ ಹಟ್ಟನ್ ಕಡೆಯ ತೋಟದ ಲೈನುಗಳಿಗೆ ಭಾರತದ ದುಡ್ಡಲ್ಲಿ 4,000 ಮನೆ ಕೊಟ್ಟರಂತೆ, 2016ರಲ್ಲಿ ಶುರು ಮಾಡಿದ್ದು, ಮನೆಗೆ 7 ಪರ್ಚ್ ನೆಲವೂ ಸೇರಿ. ಏಳು ಪರ್ಚ್ ಅಂದರೆ ಸುಮಾರು 1,900 ಚದರಡಿ. ಮನೆಯ ವಿಷಯ ಅವಳು ಕಿವಿಗೇ ಹಾಕಿಕೊಳ್ಳಲಿಲ್ಲ. ಎಲೆಅಡಿಕೆ ಆಚೆ ಉಗಿದು, ತಮಿಳು ಕನ್ನಡ ಕಲಸಿ, ಒಂದೇ ಕೇಳಿದಳು: ‘ಪಟ್ಟಾ ಕೈಗೆ ಕೊಟ್ಟನಾ, ಇಲ್ಲಾ ತೋರ್ಸಿ ಒಳಗಿಟ್ಟನಾ?’