ಪರವೂರಿನ ಉದ್ರಿ

ಧಾರವಾಡದಲ್ಲಿ ತಂದೆಯವರ ಹೆಸರು ಹೇಳಿದರೆ ಸಾಕು, ಕಿರಾಣಿ ಅಂಗಡಿಯಲ್ಲಿ ಉದ್ರಿ ಸಿಗುತ್ತಿತ್ತು. ಪುಣೆಗೆ ಬಂದ ಹೊಸತರಲ್ಲಿ ನಾವು ಯಾರ ಮನೆಯವರೆಂದು ಯಾರಿಗೆ ಗೊತ್ತು? ಈಗ ಕಿಸೆಯಲ್ಲೊಂದು ವೀಸಾ ಕಾರ್ಡಿದೆ. ಮುಖಪರಿಚಯವಿಲ್ಲದ ಅಂಗಡಿಕಾರನೂ ಮರುಮಾತಿಲ್ಲದೆ ಸಾಮಾನು ಕಟ್ಟಿಕೊಡುತ್ತಾನೆ.

ಈ ಉದ್ರಿಯ ಹುಟ್ಟೂರು ಅಮೆರಿಕದ ಫ್ರೆಸ್ನೊ. 1958ರ ಸೆಪ್ಟೆಂಬರಿನಲ್ಲಿ ಬ್ಯಾಂಕ್ ಆಫ್ ಅಮೆರಿಕವು ಅಲ್ಲಿಯ ಸುಮಾರು 60,000 ಜನರಿಗೆ, ಅವರು ಕೇಳದಿದ್ದರೂ, ಅಂಚೆಯಲ್ಲಿ ಬ್ಯಾಂಕ್‌ಅಮೆರಿಕಾರ್ಡ್ ಕಳಿಸಿತು. ಈ ಯೋಜನೆಯಲ್ಲಿ ನೂರಕ್ಕೆ 4 ಖಾತೆಗಳು ಬಾಕಿ ಉಳಿದಾವೆಂದು ಅದರ ಅಂದಾಜು; ಉಳಿದದ್ದು 22! ಆದರೂ ಬ್ಯಾಂಕು ಕೈಬಿಡಲಿಲ್ಲ. 1966ರಿಂದ ಬೇರೆ ಬ್ಯಾಂಕುಗಳಿಗೂ ಪರವಾನಗಿ ಕೊಟ್ಟಿತು. 1970ರಲ್ಲಿ ಡೀ ಹಾಕ್ ಎಂಬವರ ಮುಂದಾಳುತನದಲ್ಲಿ ಆ ಬ್ಯಾಂಕುಗಳೇ ಕೂಡಿ ಸಂಸ್ಥೆ ಕಟ್ಟಿಕೊಂಡವು. 1976ರಲ್ಲಿ ವೀಸಾ ಎಂಬ ಹೆಸರು ಬಂತು. ವೀಸಾ ತಾನಾಗಿ ಸಾಲ ಕೊಡುವುದಿಲ್ಲ. ಅಂಗಡಿಯವನ ಬ್ಯಾಂಕಿಗೂ ನಮ್ಮ ಬ್ಯಾಂಕಿಗೂ ನಡುವೆ ಸುದ್ದಿ ಸಾಗಿಸುತ್ತದೆ. ಸಾಲ, ಬಡ್ಡಿ ಎರಡೂ ನಮ್ಮ ಬ್ಯಾಂಕಿನವು.

ಫ್ರೆಸ್ನೊದವರನ್ನು ನೋಡಿ ನಾವು ನಗುವಂತಿಲ್ಲ. ಹೋದ ವರ್ಷ ಮಗ ಆಸ್ಪತ್ರೆ ಸೇರಿದಾಗ ನಡುರಾತ್ರಿ ಕೈಹಿಡಿದದ್ದು ಈ ಕಾರ್ಡೇ. ಆಮೇಲೆ ಮೂರು ತಿಂಗಳು ‘ಕನಿಷ್ಠ ಮೊತ್ತ’ವನ್ನಷ್ಟೇ ಕಟ್ಟಿ ನಿಶ್ಚಿಂತರಾದೆವು, ಬಡ್ಡಿ ಮಾತ್ರ ನಿದ್ರೆ ಮಾಡಲಿಲ್ಲ. ಚೀಟಿ ನೋಡಿದ ಮನೆಯಾಕೆ ಮೆಲ್ಲಗೆ ಅಂದಳು: “ನಮ್ಮೂರ ಶೆಟ್ರು ಬಾಕಿ ಕೇಳ್ಲಿಕ್ಕೆ ಬಂದ್ರ, ಕೂಸು ಹ್ಯಾಂಗದ ಅಂತನೂ ಕೇಳ್ತಿದ್ರು, ನೋಡ್ರಿ.”

ನಮ್ಮಲ್ಲಿ ಉತ್ತರವಿರಲಿಲ್ಲ. ದೀಪಾವಳಿಯ ಬೋನಸ್ಸಿನಲ್ಲಿ ಬಾಕಿಯೆಲ್ಲ ತೀರಿಸಿದೆವು. ಕಾರ್ಡು ಈಗಲೂ ಇದೆ, ಆಕೆಯ ಸಾಸಿವೆ ಡಬ್ಬಿಯ ಪಕ್ಕದಲ್ಲಿ.