ಸಿಂಹಾಸನಕ್ಕೆ ಕೈ ಮುಗಿದು

ಕಳೆದ ನವರಾತ್ರಿಗೆ ಊರಿಗೆ ಹೋಗಿದ್ದೆ. ಟೀವಿಯಲ್ಲಿ ಮೈಸೂರು ಅರಮನೆಯ ಖಾಸಗಿ ದರ್ಬಾರ್ ಬರುತ್ತಿದ್ದಂತೆ, ಮಂಚದ ಮೇಲೆ ಕಾಲು ಚಾಚಿ ಕುಳಿತಿದ್ದ ಅಜ್ಜಿ ಕಾಲು ಮಡಚಿಕೊಂಡು ತಲೆಯ ಮೇಲೆ ಸೆರಗು ಎಳೆದುಕೊಂಡಳು. ನನಗೆ ಕಿರಿಕಿರಿಯಾಯಿತು. ನಾನು ರಾಜಕೀಯಶಾಸ್ತ್ರದ ಸಂಶೋಧನಾ ವಿದ್ಯಾರ್ಥಿನಿ; ಗಣರಾಜ್ಯದ ಪರಿಕಲ್ಪನೆಯ ಮೇಲೆ ಮೂರು ಅಧ್ಯಾಯ ಬರೆದಿಟ್ಟಿದ್ದೇನೆ. 1971ರ 26ನೇ ತಿದ್ದುಪಡಿ ರಾಜರ ಮಾನ್ಯತೆ, ರಾಜಧನ ಎರಡನ್ನೂ ತೆಗೆದುಹಾಕಿತು ಎಂದೆ. ಜಂಬೂಸವಾರಿಯ ಅಂಬಾರಿಯಲ್ಲೂ ಈಗ ಕೂರುವುದು ರಾಜರಲ್ಲ, ಚಾಮುಂಡೇಶ್ವರಿ ಎಂದೆ. ಇವರು ವೋಟು ಕೇಳಿ ಗೆದ್ದ ಸಂಸದರು, ಅಷ್ಟೇ ಎಂದೆ. ಅವಳ ಅಪ್ಪ ಪಟೇಲರ ಮನೆಯಲ್ಲಿ ಬಿಟ್ಟಿ ಚಾಕರಿ ಮಾಡಿದ್ದನ್ನೂ ನೆನಪಿಸಿದೆ. ಅದು ಬೇಕಿರಲಿಲ್ಲ.

ಅಜ್ಜಿ ಟೀವಿಯತ್ತ ಬೆರಳು ಮಾಡಿದಳು. ಯದುವೀರರು ಸಿಂಹಾಸನಕ್ಕೆ ಪೂಜೆ ಮಾಡುತ್ತಿದ್ದರು.

"ನೋಡು ಕಣವ್ವ, ಅವ್ರೂ ಕೈ ಮುಗ್ದೇ ಕೂತ್ಕತಾರೆ. ಆ ಜಾಗ ತಮ್ದಲ್ಲ ಅಂತ ಗೊತ್ತಿರೋರ್ಗೆ ಕೈ ಮುಗುದ್ರೆ ತಪ್ಪೇನು?"

ತಪ್ಪಿದೆ. ಹಾಗೆ ಕೈ ಮುಗಿದು ಕೂತವರ ಆಳ್ವಿಕೆಯಲ್ಲೇ ಅವಳ ಅಪ್ಪ ಬಿಟ್ಟಿ ದುಡಿದದ್ದು. ಆದರೆ ನನ್ನ ಮೂರು ಅಧ್ಯಾಯಗಳಲ್ಲಿ ಅಧಿಕಾರ ಯಾರದು ಎಂಬ ಚರ್ಚೆಯೇ ತುಂಬಿದೆ. ಅಧಿಕಾರಕ್ಕೆ ಏರುವವರು ಮೊದಲು ಯಾವುದರ ಮುಂದೆ ಬಾಗಬೇಕು ಎಂಬುದಕ್ಕೆ ಒಂದು ಪುಟವೂ ಇಲ್ಲ. ಸಂವಿಧಾನದ ಮುಂದೆ ಎಂದು ಬರೆಯಬಹುದು, ಬರೆಯಲೇಬೇಕು. ಆದರೆ ಪ್ರಮಾಣವಚನ ಸಮಾರಂಭ ಟೀವಿಯಲ್ಲಿ ಬಂದಾಗ ನಾನೆಂದೂ ಕಾಲು ಮಡಚಿ ಕುಳಿತವಳಲ್ಲ.